ತೆರಿಗೆ ಜಾಸ್ತಿ ಏರದ ಬಜೆಟ್: ಭಾನುವಾರದೊಳಗೆ ಸಲಹೆ ಹಾಕಿ

ಎಲ್ಲರಿಗೂ ಶರಣು. ಕಲಬುರಗಿ ಮಹಾನಗರ ಪಾಲಿಕೆ ಬಜೆಟ್‌ಗೆ ನಮ್ಮ ಬಡಾವಣೆಯ ಸಲಹೆಪತ್ರ ಬರೆಯುತ್ತಿದ್ದೇವೆ. ಭಾನುವಾರ ರಾತ್ರಿಯೊಳಗೆ ನಿಮ್ಮ ಮಾತು ಇಲ್ಲೇ ಹಾಕಿ.

"ಒಂದು ರೂಪಾಯಿನೂ ಏರಿಸಬಾರದು" ಅಂತ ಸುಮಾರು ಜನ ಬರೆದಿದ್ದೀರಿ. ಹಾಗೆ ಕೇಳಿದರೆ ಆಗೋದಿಲ್ಲ ಕಾಕಾ. ಆಸ್ತಿ ತೆರಿಗೆ ವರ್ಷಕ್ಕೆ ಶೇ 3ರಿಂದ 5ರಷ್ಟು ಏರಬೇಕು ಅಂತ ಕಾನೂನಿನಲ್ಲೇ ಇದೆ. ತೆರಿಗೆ ವಸೂಲಿ ಬೆಳೆಯಬೇಕು ಅಂತ ಕೇಂದ್ರದ ಹಣ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗವೂ ಅನುದಾನಕ್ಕೆ ಷರತ್ತು ಹಾಕಿತ್ತು. ಆದ್ದರಿಂದ ಶೇ 3ಕ್ಕೇ ನಿಲ್ಲಿಸಿ ಅಂತ ಕೇಳೋಣ.

ಹಾಗಾದರೆ ದುಡ್ಡು ಎಲ್ಲಿಂದ? ಲೆಕ್ಕಕ್ಕೆ ಸಿಗದ ಕಟ್ಟಡಗಳಿಂದ. ನಮ್ಮಲ್ಲಿ ತೆರಿಗೆ ಸ್ವಯಂ ಘೋಷಣೆ ಮೇಲೆ ನಡೆಯುತ್ತದೆ. ಎಷ್ಟು ಚದರ ಅಡಿ ಅಂತ ಮಾಲೀಕರೇ ಬರೆದುಕೊಡಬೇಕು. ಮೇಲೆ ಎರಡು ಮಹಡಿ ಎದ್ದಿವೆ, ಕೆಳಗೆ ಅಂಗಡಿ ಶಟರ್ ಬಂದಿದೆ, ಚಲನ್‌ನಲ್ಲಿ ಮಾತ್ರ ಹಳೆಯ ಒಂದಂತಸ್ತಿನ ಮನೆಯೇ ಇದೆ ಅಂದರೆ ಹೇಗೆ? ಅಂಗಡಿಗೆ ದರವೇ ಬೇರೆ. ಅವನ್ನೆಲ್ಲ ಅಳೆದು ಸೇರಿಸಿದರೆ ಸರಿಯಾಗಿ ಕಟ್ಟುವವರ ಮೇಲೆ ಭಾರ ಬೀಳಲ್ಲ, ಅಲ್ವಾ? (ಈ ಗುಂಪಿನಲ್ಲೂ ಕೆಲವರು ತಮ್ಮ ಚಲನ್ ತೆಗೆದು ನೋಡಿಕೊಳ್ಳಿ. ಹೆಸರು ಹೇಳಲ್ಲ!)

ಕಟ್ಟಿದ ದುಡ್ಡೆಲ್ಲ ಪಾಲಿಕೆಗೇ ಉಳಿಯಲ್ಲ ಅನ್ನೋದೂ ನೆನಪಿರಲಿ. ತೆರಿಗೆ ಮೇಲೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ (ಭಿಕ್ಷುಕರ ಪುನರ್ವಸತಿಗೆ ಹೋಗೋದು) ಶೇ 3 ಬೇರೆ ಇರುತ್ತವೆ.

ಹಗಲಲ್ಲಿ ಉರಿಯುವ ಬೀದಿದೀಪ ಕಂಡರೆ ಕಂಬದ ನಂಬರ್ ಸಮೇತ ಫೋಟೋ ಹಾಕಿ. ಆ ಕರೆಂಟ್ ಬಿಲ್ಲೂ ಇದೇ ದುಡ್ಡಿನದು.

ಏಪ್ರಿಲ್ 30ರೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. ಜುಲೈನಿಂದ ತಿಂಗಳಿಗೆ ಶೇ 2 ದಂಡ.

ಸಭೆ ಮಂಗಳವಾರ ಸಂಜೆ 6ಕ್ಕೆ, ಹನುಮಾನ ಗುಡಿ ಕಟ್ಟೆ ಮೇಲೆ. ಹಳೆ ಚಲನ್ ತನ್ನಿ. ಅಲ್ಲಿವರೆಗೆ ಸುಮ್ನೆ ಗುಡ್ ಮಾರ್ನಿಂಗ್ ಫೋಟೋ ಹಾಕಬೇಡಿ.