ಮಗಳಿಗೊಂದು ಪತ್ರ: ಮದುವೆಗೆ ಬಾ, ನಿನ್ನ ತ್ರಾಣ ನೋಡಿಕೊಂಡು ಬಾ

ಪ್ರೀತಿಯ ಮಗಳೇ,

ಭಾನುವಾರ ಫೋನಿನಲ್ಲಿ ನೀನು "ಅವ್ವಾ, ಅಕ್ಕನ ಮದುವಿಗಿ ಬರ್ಲಾಕ ಮನಸಿಲ್ಲ, ಅಷ್ಟು ಮಂದ್ಯಾಗ ನನಗ ಆಗಲ್ಲ" ಅಂದೆ. ನಾನು ಸಿಟ್ಟಿನಲ್ಲಿ ಏನೋ ಅಂದು ಫೋನ್ ಇಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಮಾಳಿಗೆ ಮೇಲೆ ಮಲಗಿದ್ದೆ. ಮೇ ತಿಂಗಳ ಕಲಬುರಗಿ ನಿನಗೆ ಗೊತ್ತಲ್ಲ, ನಡುರಾತ್ರಿಯಾದರೂ ನೆಲ ಕಾದೇ ಇರುತ್ತದೆ.

ನಿನಗೆ ಹನ್ನೊಂದು ವರ್ಷ ಇದ್ದಾಗಿನ ಎಳ್ಳಮಾವಾಸ್ಯೆ ನೆನಪಾಯಿತು. ಆಳಂದ ಕಡೆಯ ನಮ್ಮ ಹೊಲಕ್ಕೆ ಭೂಮಿತಾಯಿಗೆ ಚರಗ ಚೆಲ್ಲಲು ಮೂವತ್ತು ಮಂದಿ ಹೋಗಿದ್ದೆವು. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಎಲ್ಲ ಬಿಚ್ಚಿ ಊಟಕ್ಕೆ ಕೂತರೆ ನೀನೇ ಇಲ್ಲ. ಹುಡುಕಿದಾಗ ತೊಗರಿ ಸಾಲಿನ ಆಚೆ ಬದುವಿನ ಮೇಲೆ ಕೂತಿದ್ದೆ. ಹಸಿ ತೊಗರಿಕಾಯಿ ಸುಲಿದು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ, ಮುಖ ಹಗುರಾಗಿತ್ತು. ನಿನ್ನ ಕಾಕು "ಹುಡುಗಿಗಿ ಸೊಕ್ಕು ಜಾಸ್ತಿ" ಅಂದಳು. ನಾನು ಎಲ್ಲರ ಎದುರಿಗೇ ನಿನ್ನ ರಟ್ಟೆ ಹಿಡಿದು ಎಳೆದು ತಂದೆ. ಆವತ್ತು ನಾನು ಮಾಡಿದ್ದು ತಪ್ಪು ಮಗಳೇ.

ನನಗಾದರೂ ಗೊತ್ತಾಗಬೇಕಿತ್ತು. ದಿನವಿಡೀ ಐವತ್ತು ಮಕ್ಕಳ ಜೊತೆ ಮಾತಾಡಿ ಶಾಲೆಯಿಂದ ಬಂದು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಕೀಟಿನ ನೀರಿನಲ್ಲಿ ಕಾಲು ಇಟ್ಟುಕೊಂಡು ನಾನು ಸುಮ್ನೆ ಇರುತ್ತಿದ್ದೆನಲ್ಲ, ಆಗ ನಿಮ್ಮ ಆಯಿ "ಈಗೇ ಬಂದಾಳ, ಅರ್ಧ ತಾಸು ಯಾರೂ ಮಾತಾಡ್ಸಬ್ಯಾಡ್ರಿ" ಅಂತ ಎಲ್ಲರನ್ನೂ ತಡೆಯುತ್ತಿದ್ದರು. ಅದನ್ನು ಯಾರೂ ಸೊಕ್ಕು ಅನ್ನಲಿಲ್ಲ. ನಿನಗೆ ಮಾತ್ರ ಅಂದೆವು.

ಬಿ.ಎಡ್‌ನಲ್ಲಿ ತನ್ನೊಳಗೇ ಇರುವವರು ಅಂತರ್ಮುಖಿ, ಮಂದಿಯಲ್ಲಿ ಬೆರೆಯುವವರು ಬಹಿರ್ಮುಖಿ ಅಂತ ಬಾಯಿಪಾಠ ಮಾಡಿದ್ದೆ. ಕಾರ್ಲ್ ಯೂಂಗ್ ಅನ್ನುವ ಮನೋವಿಜ್ಞಾನಿ 1921ರಲ್ಲಿ ಬರೆದ ಪುಸ್ತಕದಿಂದ ಆ ಮಾತುಗಳು ಎಲ್ಲ ಕಡೆ ಹರಡಿದವು. ಪರೀಕ್ಷೆಯಲ್ಲಿ ಬರೆದೆ, ಮನೆಯಲ್ಲಿ ಕಣ್ಣೆದುರಿಗಿದ್ದ ಮಗಳಲ್ಲಿ ನೋಡಲಿಲ್ಲ. ಆದರೆ ಆ ಹೆಸರನ್ನೂ ನೀನು ಹಣೆಗೆ ಅಂಟಿಸಿಕೊಳ್ಳಬೇಡ. ಬಹಳ ಮಂದಿ ಇವೆರಡರ ನಡುವೆಯೇ ಇರುತ್ತಾರೆ. ಫಿನ್ಲೆಂಡಿನ ಸಂಶೋಧಕರು ವಿದ್ಯಾರ್ಥಿಗಳನ್ನು 12 ದಿನ ಕೇಳಿ ನೋಡಿದರಂತೆ: ಎಲ್ಲರ ಜೊತೆ ಬೆರೆತು ಮಾತಾಡುವ ಹೊತ್ತಿಗೆ ಖುಷಿಯೇ, ಆದರೆ ಸುಮಾರು 3 ತಾಸಿನ ನಂತರ ದಣಿವು. ಮಾತುಗಾರರಿಗೂ ಹಾಗೇ. ಇದು ಓದಿದ ಮೇಲೆ ನನಗೆ ಬಹಳ ಅರ್ಥವಾಯಿತು. ನಿನ್ನ ತಮ್ಮ ಕೂಡ ಊರೆಲ್ಲ ನಗಿಸಿ ಬಂದು ರಾತ್ರಿ ಮನೆಯಲ್ಲಿ ಚಿಕ್ಕದಕ್ಕೆಲ್ಲ ಸಿಡುಕುತ್ತಾನೆ, ಅಲ್ವಾ?

ಅಂದರೆ ಮಂದಿ ನಡುವೆ ಇರುವಾಗ ತ್ರಾಣ ಎಷ್ಟು ಹೋಯಿತು ಅಂತ ಆಗಲೇ ತಿಳಿಯುವುದಿಲ್ಲ. ನಳದ ನೀರು ದಿನಾ ಬರದ ಊರಲ್ಲಿ ಬೆಳೆದವಳು ನೀನು, ಟಾಕಿ ಪೂರಾ ಬರಿದಾಗುವ ತನಕ ಕಾಯಬಾರದು ಅಂತ ಗೊತ್ತು. ಒಂದು ವಾರ ಚೀಟಿಯಲ್ಲಿ ಬರೆದು ನೋಡು. ಯಾರ ಜೊತೆ ಇದ್ದೆ, ಮೂರು ತಾಸಾದ ಮೇಲೆ ಹೇಗಿದ್ದೆ. ಆಫೀಸಿನ ಮೀಟಿಂಗು, ಪಿ.ಜಿ. ಊಟದ ಹೊತ್ತಿನ ಗದ್ದಲ, ವಾಟ್ಸಾಪ್ ಗುಂಪು, ನನ್ನ ವಿಡಿಯೋ ಕಾಲ್ ಕೂಡ ಲೆಕ್ಕಕ್ಕೆ ಬರಲಿ. ನನಗೆ ಬೇಜಾರಿಲ್ಲ. ಕೆಲವರ ಜೊತೆ ಎರಡು ತಾಸು ಕೂತರೂ ತಂಪಾಗುತ್ತದೆ, ಕೆಲವರ ಎದುರು ಹತ್ತು ನಿಮಿಷ ಸುಳ್ಳೇ ನಕ್ಕರೆ ತಲೆ ಸಿಡಿಯುತ್ತದೆ. ಎಷ್ಟು ಮಂದಿ ಅನ್ನುವುದಕ್ಕಿಂತ ಎಷ್ಟು ಹೊತ್ತು ಸುಳ್ಳೇ ನಗುಮುಖ ಇಟ್ಟುಕೊಳ್ಳಬೇಕಾಯಿತು ಅನ್ನುವುದೇ ಜಾಸ್ತಿ ದಣಿಸುತ್ತದೆ ಅಂತ ನನ್ನ ಅನುಭವ.

ಒಂದು ವಿಷಯಕ್ಕೆ ಮಾತ್ರ ನನಗೆ ಹೆದರಿಕೆ. ಒಬ್ಬಳೇ ಕೂತು ಎದ್ದ ಮೇಲೆ ಹಗುರ ಅನಿಸಬೇಕು. ಎರಡು ದಿನ ಬಾಗಿಲು ಹಾಕಿಕೊಂಡರೂ ಭಾರವೇ ಇದ್ದರೆ, ಊಟ ನಿದ್ದೆ ಕೆಟ್ಟರೆ, ಅದು ದಣಿವಲ್ಲ, ಬೇರೆ ಏನೋ ಇದೆ. ಆಗ ನನಗೆ ಫೋನ್ ಮಾಡು, ನಡುರಾತ್ರಿಯಾದರೂ ಸರಿ. ಡಾಕ್ಟರ ಹತ್ತಿರ ಹೋಗೋಣ ಅಂದರೂ ಬಂದುಬಿಡುತ್ತೇನೆ.

ಇನ್ನು ಮದುವೆ. ಅಕ್ಕ ನಿನ್ನ ದಾರಿ ಕಾಯುತ್ತಿದ್ದಾಳೆ, ಬಂದೇ ಬಾ. ಅರಿಶಿನಕ್ಕೆ ಬಾ, ಅಕ್ಷತೆಗೆ ಬಾ, ಹಿಂದಿನ ರಾತ್ರಿ ಹಾಡು ಕುಣಿತ ಬೇಡ ಅನಿಸಿದರೆ ಬಿಡು. ಊಟದ ಪಂಕ್ತಿಯಲ್ಲಿ ಬಡಿಸುವ ಕೆಲಸ ಹಿಡಿದುಕೋ, ಕೈಯಲ್ಲಿ ಸಾರಿನ ಬಕೀಟು ಇದ್ದರೆ "ನಿಂದ್ಯಾವಾಗ" ಅಂತ ಕೇಳುವವರ ಎದುರು ನಿಲ್ಲಬೇಕಾಗಿಲ್ಲ. ಸಾಕು ಅನಿಸಿದ ಕೂಡಲೇ ನನ್ನ ಕಡೆ ನೋಡು. "ನಾನೇ ಮನಿಗಿ ಕಳಿಸೀನಿ" ಅಂತ ಕಾಕುಗೆ ಹೇಳುವವಳು ಈ ಸಲ ನಾನು.

ಮೇಲಿನ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ. ನಿನ್ನೆ ಕೂಲರಿನ ಹುಲ್ಲು ಬದಲಿಸಿದೆವು. ಬೀಗದ ಕೈ ಆಯಿಯ ಫೋಟೋದ ಹಿಂದೆ ಇದೆ.

ನಿನ್ನ ಅವ್ವ