ನಿನ್ನ ಹೀರೆಕಾಯಿ ಈಗ ಎಷ್ಟುದ್ದ ಗೊತ್ತಾ?

ಪುಟ್ಟಿ,

ಅಜ್ಜಿ ಮನೆಗೆ ಹೋಗಿ ಎಂಟು ದಿನ ಆಯಿತು. ನಿನ್ನೆ ಫೋನ್ ಮಾಡಿದವಳು ಹೀರೆಕಾಯಿ ಬಗ್ಗೆ ಕೇಳಿದೆಯೇ ಹೊರತು ಅಪ್ಪ ಊಟ ಮಾಡಿದನಾ ಅಂತ ಕೇಳಲಿಲ್ಲ. ಇರಲಿ. ಬೆಳಿಗ್ಗೆ ಅಳೆದೆ. ನಿನ್ನ 30 ಸೆಂಟಿಮೀಟರ್ ಸ್ಕೇಲು ಸಾಲಲಿಲ್ಲ!

ನಿನ್ನ ತಾತ ರೈತರಾದರೂ ನಾನು ಹೊಲಕ್ಕೆ ಹೋಗುತ್ತಿದ್ದದ್ದು ಬುತ್ತಿ ಕೊಡಲು ಮಾತ್ರ. ಅದಕ್ಕೇ ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಿ ಕೂತಿದ್ದೆ. ನೀನು ದಿನಾ ಮಣ್ಣು ಕೆದಕಿ ನೋಡುತ್ತಿದ್ದೆ. "ಅದನ್ನ ಚಪ್ಪಲಿಯಲ್ಲಿ ಉಜ್ಜಿ ಹೋಳು ಮಾಡಬೇಕು ಕಣಪ್ಪಾ" ಅಂತ ಕೆಳಗಿನ ಮನೆ ಅಜ್ಜಿ ನಕ್ಕರಲ್ವಾ? ಅಷ್ಟರಲ್ಲಿ ಅಡುಗೆಮನೆ ಡಬ್ಬಿಯಿಂದ ನೀನು ಕದ್ದು ಹಾಕಿದ ಮೆಂತ್ಯ ಎರಡೆಲೆ ಬಿಟ್ಟಾಗಿತ್ತು.

ಟೊಮೆಟೊ ಸಸಿಗಳನ್ನು ಕೊಂದವನೂ ನಾನೇ. ಪ್ರೀತಿ ಜಾಸ್ತಿಯಾಗಿ ಎರಡು ಹೊತ್ತೂ ನೀರು ಹುಯ್ದೆ, ಬುಡ ಕೊಳೆತು ಮಲಗಿದವು. ಈಗ ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಲ್ಲಿ ಚುಚ್ಚಿ, ಒಣಗಿದ್ದರೆ ಮಾತ್ರ ಚೊಂಬು ಎತ್ತುತ್ತೇನೆ.

ಹೀರೆಯ ಹೂವೆಲ್ಲ ಉದುರುತ್ತಿದ್ದಾಗ "ಬಳ್ಳಿಗೆ ಜ್ವರ" ಅಂತ ನೀನು ಅತ್ತಿದ್ದೆ. ಅವೆಲ್ಲ ಗಂಡು ಹೂವು ಕಣೇ, ಮೊದಲು ಅವೇ ಬರುವುದು. ಹೆಣ್ಣು ಹೂವಿನ ಕೆಳಗೆ ಕಿರುಬೆರಳಿನಂಥ ಪುಟಾಣಿ ಕಾಯಿ ಇರುತ್ತದೆ, ಗಂಡು ಹೂವಿನ ಪುಡಿ ತಾಗಿದರೆ ಮಾತ್ರ ಅದು ಬೆಳೆಯುವುದು. ಅರಳುವುದು ಸಂಜೆ. ನಾಲ್ಕನೇ ಮಹಡಿಗೆ ಆ ಹೊತ್ತಿನಲ್ಲಿ ಯಾವ ದುಂಬಿ ಬರಬೇಕು? ಅದಕ್ಕೇ ನೀನು ಊರಿಗೆ ಹೊರಡುವ ಹಿಂದಿನ ಸಂಜೆ ನಿನ್ನ ಪೇಂಟಿಂಗ್ ಬ್ರಷ್ಷೇ ದುಂಬಿಯಾಗಿದ್ದು. ಗಂಡು ಹೂವಿನ ಹಳದಿ ಪುಡಿಯನ್ನು ನೀನು ಉಸಿರು ಬಿಗಿಹಿಡಿದು ಮೂರು ಹೆಣ್ಣು ಹೂವಿಗೆ ಸವರಿದೆ. ಮೂಗಿನ ಮೇಲೂ ಬಳಿದುಕೊಂಡಿದ್ದೆ. ಎರಡು ಪೀಚು ಹಳದಿಯಾಗಿ ಉದುರಿದವು, ಒಂದು ನಿಂತಿತು. ಅದೇ ಇದು.

ಈಗ ನೀನೇ ತೀರ್ಮಾನ ಹೇಳಬೇಕು. ಇನ್ನೆರಡು ದಿನ ಬಿಟ್ಟರೆ ನಾರಾಗುತ್ತದೆ, ನೀನು ಬರುವುದು ಇನ್ನೂ ಹತ್ತು ದಿನಕ್ಕೆ. ಕೊಯ್ದರೆ ಸಿಪ್ಪೆ ಚಟ್ನಿ ಮಾಡಿ ಬಸ್ಸಿನಲ್ಲಿ ಬರುವ ಚಿಕ್ಕಪ್ಪನ ಕೈಲಿ ಕಳಿಸುತ್ತೇನೆ. ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಬೀಜಕ್ಕಾಗುತ್ತದೆ. ನಾವು ಹಾಕಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್ ತಳಿ, ಹೈಬ್ರಿಡ್ ಅಲ್ಲ. ಹಾಗಾಗಿ ಬೀಜ ಎತ್ತಿಟ್ಟು ಮತ್ತೆ ಹಾಕಬಹುದು.

ಇವತ್ತು ಸಂಜೆ ಐದರೊಳಗೆ ಫೋನ್ ಮಾಡು. ಇನ್ನೊಂದು ಹೆಣ್ಣು ಮೊಗ್ಗು ಅರಳುವ ಹಾಗಿದೆ, ಆ ಬ್ರಷ್ ಎಲ್ಲಿಟ್ಟಿದ್ದೀಯೋ ಸಿಗುತ್ತಿಲ್ಲ.

ನಿನ್ನ ಅಪ್ಪ