ಗೆಳೆಯನಿಗೊಂದು ಪತ್ರ: ನೀರು ಎಷ್ಟೊತ್ತಿಗೆ ಬರತೈತಿ?

ಗೆಳೆಯಾ,

ನೀನು ಕಳಿಸಿದ ಏಳು ನಿಮಿಷದ ವಾಯ್ಸ್ ಮೆಸೇಜನ್ನು ನಿನ್ನೆ ರಾತ್ರಿ ಶಿಫ್ಟ್ ಮುಗಿಸಿ ಮನೆಗೆ ಬರುವಾಗ ಕ್ಯಾಬಿನಲ್ಲಿ ಕೂತು ಕೇಳಿದೆ. ಅದರಲ್ಲಿ ಐದು ನಿಮಿಷ ಮಳೆ, ಯೂರಿಯಾ, ಹೆಸರಿನ ರೇಟು. ಕೊನೆಯ ಎರಡು ನಿಮಿಷಕ್ಕೆ ವಿಷಯಕ್ಕೆ ಬಂದೆ. ನಿನ್ನ ಮಗಳು ಪುಟ್ಟಿ ಬಿ.ಎಸ್ಸಿ ಮುಗಿದ ಮೇಲೆ ಬಿ.ಇಡಿ ಬೇಡ ಅಂತಾಳೆ, ಟೀವಿ ವರದಿಗಾರ್ತಿ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ, ‘ನೀ ಅದರಾಗ ಇದ್ದೀಯಲ್ಲ, ಒಂದೀಟು ಬುದ್ಧಿ ಹೇಳು’. ಯಾರಿಗೆ ಹೇಳಬೇಕು ಅಂತ ನೀನು ಹೇಳಲಿಲ್ಲ. ಹಾಗಾಗಿ ನಿನಗೇ ಹೇಳ್ತೀನಿ. ಬರೆದು ಕಳಿಸೋದು ಯಾಕಂದರೆ ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕ್ತೀ.

ಮೊದಲು ಸುಲಭದ್ದು ಮುಗಿಸಿಬಿಡೋಣ. ‘ದನಿ ಚಂದ ಐತಿ, ಹುಬ್ಬಳ್ಳ್ಯಾಗ ಯಾವುದಾದರೂ ಎಫ್‌ಎಂನಾಗ ನ್ಯೂಸ್ ಓದಲಿ, ಕಣ್ಣೆದುರಿಗೇ ಇರತಾಳ’ ಅಂದೆಯಲ್ಲ, ಅದು ಆಗೋ ಮಾತಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಮಾಡೋ ಹಾಗಿಲ್ಲ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ ಹೇಳಬಹುದು. ಸುದ್ದಿ ಬೇಕಂದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಮರುಪ್ರಸಾರ ಮಾಡಬೇಕು. ಗಂಟೆಗೆ ಹತ್ತು ನಿಮಿಷವಾದರೂ ಬಿಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತ್ತು. ಯುದ್ಧಭೂಮಿಯಿಂದ ಲೈವ್ ಕೊಡೋ ಚಾನೆಲ್ಲುಗಳಿಗೆ ಲೈಸೆನ್ಸ್ ಕೊಡೋ ದೇಶ, ಎಫ್‌ಎಂನವನು ಹುಬ್ಬಳ್ಳಿ ಪಾಲಿಕೆಯ ಸುದ್ದಿ ಹೇಳಿಬಿಟ್ಟಾನು ಅಂತ ಹೆದರೋದು ನನಗಂತೂ ಇವತ್ತಿಗೂ ತಿಳಿಯದ ಸೋಜಿಗ.

ಹಾಗಾಗಿ ರೇಡಿಯೊ ಸುದ್ದಿ ಅಂದರೆ ಇವತ್ತಿಗೂ ಆಕಾಶವಾಣಿಯೇ. ನೆನಪಿದೆಯಾ, ಧಾರವಾಡದಲ್ಲಿ ಹಾಸ್ಟೆಲಿನಿಂದ ಇಬ್ಬರೂ ಒಂದೇ ಸೈಕಲ್ ಮೇಲೆ ಧ್ವನಿ ಪರೀಕ್ಷೆಗೆ ಹೋಗಿದ್ದು? ನೀನು ಹೊರಗೆ ಚಹಾ ಕುಡೀತಾ ಕೂತೆ. ನಾನು ಒಳಗೆ ಹೋಗಿ, ‘ಪ್ರದೇಶ ಸಮಾಚಾರ’ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಗತ್ತಿನಲ್ಲಿ, ಗಂಟಲು ದಪ್ಪ ಮಾಡಿಕೊಂಡು ಎರಡು ಪುಟ ಓದಿದೆ. ಒಂದು ಮಹಾಪ್ರಾಣವೂ ತಪ್ಪಲಿಲ್ಲ. ಗಾಜಿನ ಆಚೆ ಕೂತಿದ್ದವರು ಸ್ಪೀಕರಿನಲ್ಲಿ ಇಷ್ಟೇ ಅಂದರು: ‘ನೀವು ಓದಾಕತ್ತೀರಿ. ಹೇಳ್ರಿ.’ ಫೇಲಾದೆ. ಹೊರಗೆ ಬಂದು ಅವರನ್ನು ನಾನು ಬೈದಿದ್ದೂ, ನೀನು ಮಿರ್ಚಿ ಕೊಡಿಸಿದ್ದೂ ನೆನಪಿರಬೇಕು. ಅವರು ಅಂದದ್ದು ಏನು ಅಂತ ತಿಳಿಯೋಕೆ ನನಗೆ ಹತ್ತು ವರ್ಷ ಬೇಕಾಯ್ತು.

ಇನ್ನು ಟೀವಿ. ಪುಟ್ಟಿಗೆ ಟೀವಿ ಅಂದರೆ ಆ್ಯಂಕರ್. ಅವಳ ತಪ್ಪಲ್ಲ, ಕಾಣೋದು ಅದೇ. ಆದರೆ ಒಬ್ಬ ಆ್ಯಂಕರ್ ಕೂತಿರುವಾಗ ಪಿಸಿಆರ್‌ನ ಕತ್ತಲೆ ಕೋಣೆಯಲ್ಲಿ, ಅಂದರೆ ಪ್ರಸಾರ ನಿಯಂತ್ರಿಸೋ ಕಂಟ್ರೋಲ್ ರೂಮಿನಲ್ಲಿ, ಏಳೆಂಟು ಜನ ಒಬ್ಬರಿಗೊಬ್ಬರು ಕೂಗಾಡ್ತಾ ಇರ್ತಾರೆ, ಜಿಲ್ಲೆಗಳಿಂದ ಸುದ್ದಿ ತರಿಸೋ ಇನ್‌ಪುಟ್ ಡೆಸ್ಕಿನವನು ಮೂರು ಫೋನು ಹಿಡಿದು ಮೂರು ಜಿಲ್ಲೆಗೆ ‘ಬೈಟ್ ಬಂತಾ, ಫೀಡ್ ಹಾಕಿದ್ಯಾ’ ಅಂತ, ಅಂದರೆ ಮಾತಿನ ತುಣುಕು ಬಂತಾ, ವಿಡಿಯೋ ಕಳಿಸಿದ್ಯಾ ಅಂತ, ಕೇಳ್ತಿರ್ತಾನೆ, ಎಲ್ಲೋ ತಹಸೀಲ್ದಾರ್ ಆಫೀಸಿನ ಮುಂದೆ ಒಬ್ಬ ವರದಿಗಾರ ಚಾನೆಲ್ಲಿನ ಲೋಗೋ ಇರೋ ಮೈಕು ಹಿಡಕೊಂಡು ಬೆಳಿಗ್ಗೆಯಿಂದ ನಿಂತಿರ್ತಾನೆ. ಈ ಕೊನೆಯವನ ಕೆಲಸ ಅವಳಿಗೆ ಸಿಗಲಿ ಅನ್ನೋದು ನನ್ನ ಆಸೆ. ನಿನಗೆ ಇದು ಶಾಪದ ಹಾಗೆ ಕೇಳಿಸುತ್ತೆ, ಗೊತ್ತು. ಯಾಕೆ ಅಂತ ಹೇಳ್ತೀನಿ ಕೇಳು.

2019ರ ಆಗಸ್ಟ್. ಮಲಪ್ರಭೆಗೆ ಪ್ರವಾಹ ಬಂದು ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ-ಸೊಲ್ಲಾಪುರ ರಸ್ತೆ ಬಂದಾಗಿತ್ತಲ್ಲ, ಆಗ ನಾನಿನ್ನೂ ಗದಗದಲ್ಲೇ ಇದ್ದೆ. ಬೆಳಿಗ್ಗೆಯಿಂದ ಡೆಸ್ಕಿನ ಫೋನ್ ಮೇಲೆ ಫೋನು. ‘ಪಕ್ಕದ ಚಾನೆಲ್‌ನವನು ಸೊಂಟದ ಮಟ್ಟ ನೀರಲ್ಲಿದ್ದಾನೆ. ನೀನ್ಯಾಕೆ ಒಣಗಿಕೊಂಡು ನಿಂತಿದ್ದೀಯ?’ ಕ್ಯಾಮೆರಾ ಹುಡುಗ ರಸ್ತೆ ಪಕ್ಕದ ಒಂದು ತಗ್ಗು ತೋರಿಸಿದ. ಅದರಲ್ಲಿ ಇಳಿದರೆ ಸೊಂಟದ ತನಕ ನೀರು; ಎರಡು ಹೆಜ್ಜೆ ಈಚೆಗೆ ಬಂದರೆ ಪಾದ ಮುಳುಗುವಷ್ಟು. ಅವನು ಫ್ರೇಮ್ ಬಿಗಿ ಮಾಡಿದ, ನಾನು ಪ್ಯಾಂಟು ಸಮೇತ ತಗ್ಗಿಗಿಳಿದೆ. ಕಿವಿಯಲ್ಲಿ ಸ್ಟುಡಿಯೋದವರು ‘ಮೂರು, ಎರಡು, ಒಂದು’ ಅಂದರು.

ಹತ್ತು ಮಾರು ದೂರದ ಕಟ್ಟೆ ಮೇಲೆ ಒಬ್ಬ ಅಜ್ಜಿ ಒಂದು ಟ್ರಂಕು, ಎರಡು ಆಡು, ಒಂದು ಕೊಡ ಇಟ್ಟುಕೊಂಡು ಕೂತಿದ್ದಳು. ನಾನು ಗಂಭೀರವಾಗಿ ‘ವೀಕ್ಷಕರೇ, ನೀವು ನೋಡ್ತಾ ಇರಬಹುದು’ ಅನ್ನುವಷ್ಟರಲ್ಲಿ ಆಕೆ ದೊಡ್ಡ ದನಿಯಲ್ಲಿ ಕೂಗಿದಳು: ‘ಯಪ್ಪಾ, ಈ ಕಡೆ ಒಣಾ ಜಾಗಾ ಐತಿ. ಅಲ್ಲೇ ತಗ್ಗಿನ್ಯಾಗ ಯಾಕ ನಿಂತೀ?’

ಮಾತು ಮೈಕಿಗೆ ಬಿತ್ತು. ಸ್ಟುಡಿಯೋದಲ್ಲಿದ್ದ ಆ್ಯಂಕರಿಗೆ ನಮ್ಮ ಕಡೆಯ ಮಾತು ತಿಳಿಯದು. ‘ಅಲ್ಲಿನ ಜನರ ಆಕ್ರಂದನ ನಮಗೂ ಕೇಳಿಸ್ತಾ ಇದೆ’ ಅಂದ. ನಾನು ಹೌದು ಅಂದೆ, ಲೈವ್‌ನಲ್ಲಿ.

ಮರುದಿನ ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರಕ್ಕೆ ಹೋದರೆ ಬಾಗಿಲಲ್ಲೇ ಆ ಅಜ್ಜಿ. ‘ಬಾರಪ್ಪಾ, ಬಟ್ಟಿ ಒಣಗಿದ್ವೇನು?’ ವರಾಂಡದಲ್ಲಿದ್ದವರೆಲ್ಲ ನಕ್ಕರು. ಮನೆ ನೀರಲ್ಲಿದ್ದವರು ನನ್ನನ್ನು ನೋಡಿ ನಗ್ತಾ ಇದ್ದರು, ನೆಲಕ್ಕಿಳಿದು ಹೋದೆ. ನಗು ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ರೈತ ಸಿಟ್ಟಿಲ್ಲದೆ ಕೇಳಿದ: ‘ಮೊನ್ನಿಂದ ಡ್ಯಾಮಿನಿಂದ ಇಷ್ಟು ಸಾವಿರ ಕ್ಯೂಸೆಕ್, ಅಷ್ಟು ಸಾವಿರ ಕ್ಯೂಸೆಕ್ ಅಂತ ಹೇಳೇ ಹೇಳಾಕತ್ತೀರಿ. ಆ ನೀರು ನಮ್ಮೂರಿಗೆ ಎಷ್ಟೊತ್ತಿಗೆ ಬರತೈತಿ? ದನಾ ಬಿಚ್ಚಾಕರ ಟೈಮ್ ಸಿಗತೈತೋ ಇಲ್ಲೋ?’

ನನಗೆ ಗೊತ್ತಿರಲಿಲ್ಲ. ಟೀವಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಮಲಪ್ರಭೆಯ ಡ್ಯಾಮು ಇರೋ ನವಿಲುತೀರ್ಥದಲ್ಲಿ ಗೇಟು ಎತ್ತೋದನ್ನು ಎಷ್ಟು ಸಲ ಶೂಟ್ ಮಾಡಿದ್ದೆನೋ ಲೆಕ್ಕವಿಲ್ಲ. ಎತ್ತಿದ ನೀರು ರಾಮದುರ್ಗ ದಾಟಿ ಕೊಣ್ಣೂರಿಗೆ ಎಷ್ಟು ತಾಸಿಗೆ ಮುಟ್ಟುತ್ತೆ ಅನ್ನೋದನ್ನು ಒಂದು ಸಲವೂ ಯಾರನ್ನೂ ಕೇಳಿರಲಿಲ್ಲ. ಆವತ್ತು ಸಂಜೆ ಲೈವ್ ಬಿಟ್ಟು ನೀರಾವರಿ ಇಲಾಖೆಯವರನ್ನು ಹುಡುಕಿಕೊಂಡು ಹೋದೆ. ಡೆಸ್ಕಿನವರು ಬೈದರು.

ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವನನ್ನು ಮರುದಿನ ಯಾರೂ ‘ಬಟ್ಟಿ ಒಣಗಿದ್ವೇನು’ ಅಂತ ಕೇಳೋದಿಲ್ಲ. ನಾನು ಈಗ ಐದು ವರ್ಷದಿಂದ ಔಟ್‌ಪುಟ್ ಡೆಸ್ಕಿನಲ್ಲಿದ್ದೀನಿ, ಬಂದ ಸುದ್ದಿ ತಿದ್ದಿ ಪ್ರಸಾರಕ್ಕೆ ಕೊಡೋ ಕೆಲಸ. ಒಬ್ಬ ವೀಕ್ಷಕನೂ ನನ್ನ ಅಂಗಿ ಹಿಡಿದಿಲ್ಲ. ಜಿಲ್ಲೆಯ ವರದಿಗಾರನಿಗೆ ಆ ಸುಖವಿಲ್ಲ. ನಿನ್ನೆ ತಾನು ಹೇಳಿದ್ದನ್ನು ಕೇಳಿದವರ ನಡುವೆಯೇ ಇವತ್ತು ಚಹಾ ಕುಡಿಯಬೇಕು. ಪುಟ್ಟಿ ಮೊದಲ ಮೂರು ವರ್ಷ ಅಲ್ಲಿ ಕಳೆಯಲಿ ಅನ್ನೋದು ಇದಕ್ಕೇ. ನೇರವಾಗಿ ಸ್ಟುಡಿಯೋದ ಕುರ್ಚಿಗೆ ಬಂದ ಚುರುಕು ಹುಡುಗ ಹುಡುಗಿಯರನ್ನು ದಿನಾ ನೋಡ್ತೀನಿ. ಭಾಷೆ ಇದೆ, ಧೈರ್ಯ ಇದೆ. ಎದುರಿಗೆ ಕೂತ ಮನುಷ್ಯ ಯಾರ ಮಾತು ಆಡ್ತಿದ್ದಾನೆ ಅಂತ ಮಾತ್ರ ಗೊತ್ತಾಗೋದಿಲ್ಲ.

ಇನ್ನೊಂದು, ಬಿ.ಎಸ್ಸಿ ದಂಡ ಆಯ್ತು ಅಂತ ವೈನಿ ಅಳ್ತಾರೆ ಅಂದೆ. ಅಳಬೇಡ ಅನ್ನು. ನಮ್ಮ ನ್ಯೂಸ್‌ರೂಮಿನಲ್ಲಿ ಕಡಿಮೆ ಇರೋದು ಕನ್ನಡ ಎಂ.ಎ ಅಲ್ಲ, ಲೆಕ್ಕ ಬರೋವರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, 28 ಲೀಟರ್ ಚಿಲ್ಲರೆ, ಹೆಚ್ಚುಕಡಿಮೆ ಎರಡು ಕೊಡ. ಅದು ಹರಿವು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ನಿಂತ ನೀರಿನ ಅಳತೆ. 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ನರಗುಂದದವನಿಗೆ ಇದನ್ನು ಹೇಳಬೇಕಾಗಿಲ್ಲ. ಮಹದಾಯಿ ನದಿ ನೀರಿನ ತೀರ್ಪು ಬಂದ 2018ರಲ್ಲಿ, ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿಯಲ್ಲಿ ಮಲಪ್ರಭೆಗೆ 3.9 ಅಂತ ನಿನ್ನ ಅಂಗಡಿ ಮುಂದೆ ಕೂತವರು ನನಗಿಂತ ಮೊದಲು ಲೆಕ್ಕ ಹಾಕಿದ್ದರು. ಆದರೆ ‘ಜಲಾಶಯದಿಂದ ಇಷ್ಟು ಟಿಎಂಸಿ ಒಳಹರಿವು’ ಅಂತ ನೆಟ್ಟಗೆ ಓದಿ ಹೋಗೋವರು ನಮ್ಮಲ್ಲಿ ಇದ್ದಾರೆ. ನಾನು ತಿದ್ದಿದರೆ, ‘ಯಾರಿಗೆ ಗೊತ್ತಾಗುತ್ತೆ ಸರ್’ ಅಂತಾರೆ. ಕೊಣ್ಣೂರಿನವನಿಗೆ ಗೊತ್ತಾಗುತ್ತೆ.

ಸಂಬಳದ ಬಗ್ಗೆ ನೀನು ಕೇಳಲಿಲ್ಲ, ನಾನೇ ಹೇಳ್ತೀನಿ. ನಿನ್ನ ಅಂಗಡಿಯ ಹುಡುಗನಿಗಿಂತ ಸ್ವಲ್ಪ ಹೆಚ್ಚು, ಅದೂ ಸ್ಟಾಫ್ ಆದರೆ. ಸ್ಟ್ರಿಂಗರ್ ಆದರೆ ಸ್ಟೋರಿಗೆ ಇಷ್ಟು ಅಂತ, ಅದೂ ಬಂದಾಗ ಬಂತು. ನಾನು 2007ರಲ್ಲಿ ಸೇರಿದಾಗ ಮೊದಲ ಮೂರು ತಿಂಗಳ ಬಾಡಿಗೆ ಯಾರು ಕೊಟ್ಟರು ಅಂತ ನಿನಗೆ ಗೊತ್ತು. ವೈನಿಗೆ ಹೇಳಿಲ್ಲದಿದ್ದರೆ ಈಗಲೂ ಹೇಳಬೇಡ. ದುಡ್ಡು ಕಡಿಮೆ ಇರೋ ಕಡೆ ಲಂಚದ ಕವರು ಬರುತ್ತೆ. ಪ್ರೆಸ್‌ಮೀಟ್ ಮುಗಿದ ಮೇಲೆ ಬರುತ್ತೆ, ಹಬ್ಬಕ್ಕೆ ಬರುತ್ತೆ, ‘ಪೆಟ್ರೋಲಿಗೆ ಇರಲಿ’ ಅಂತ ಬರುತ್ತೆ. ಆ ಹೊತ್ತಿಗೆ ಮನೆಯಿಂದ ನಾಲ್ಕು ಸಾವಿರ ಬರೋ ಹಾಗಿದ್ದರೆ ಬೇಡ ಅನ್ನೋದು ಸುಲಭ. ಎರಡು ವರ್ಷ ಅವಳಿಗೆ ದುಡ್ಡು ಕಳಿಸೋದನ್ನು ನಿಲ್ಲಿಸಬೇಡ.

ಹೆಣ್ಣುಹುಡುಗಿ, ಹೊತ್ತಲ್ಲದ ಹೊತ್ತು ಅಂತ ನಿನ್ನ ಭಯ. ಸುಳ್ಳಲ್ಲ. ಬೆಳಗಿನ ಬುಲೆಟಿನ್‌ಗೆ ಮೂರೂವರೆಗೆ ಕ್ಯಾಬ್ ಬರುತ್ತೆ. ಆದರೆ ನನ್ನ ಜೊತೆಯ ಹೆಣ್ಣುಮಕ್ಕಳನ್ನು ಕೇಳಿದರೆ ಅವರು ಮೊದಲು ಹೇಳೋದು ರಾತ್ರಿಯ ಮಾತಲ್ಲ, ಶೌಚಾಲಯದ್ದು. ಒಬ್ಬಾಕೆ ಇಡೀ ದಿನ ಕೋರ್ಟಿನ ಮುಂದೆ ನಿಲ್ಲೋದಿದ್ದರೆ ಬೆಳಿಗ್ಗೆಯಿಂದ ನೀರನ್ನೇ ಕುಡೀತಿರಲಿಲ್ಲ. ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಿದಳು. ಈಗ ಯಾವ ಊರಿಗೆ ಹೋದರೂ ಮೊದಲು ಆ ಬೀದಿಯ ಒಂದು ಮನೆಯವರ ಪರಿಚಯ ಮಾಡಿಕೊಳ್ತಾಳೆ. ಅವಳ ಒಳ್ಳೇ ಸುದ್ದಿಗಳೆಲ್ಲ ಆ ಅಡುಗೆಮನೆಗಳಿಂದ ಬಂದವು ಅನ್ನೋದು ಬೇರೆ ಮಾತು. ಪುಟ್ಟಿಗೆ ಅವಳ ನಂಬರ್ ಕೊಡ್ತೀನಿ, ನನ್ನ ಉಪದೇಶಕ್ಕಿಂತ ಅದು ಮೇಲು.

ಟಿಆರ್‌ಪಿ ಬಗ್ಗೆ ಎಲ್ಲರೂ ಮಾತಾಡ್ತಾರೆ, ನಾನೇನು ಹೊಸದು ಹೇಳಲಿ. ಯಾವ ಚಾನೆಲ್ ಎಷ್ಟು ಜನ ನೋಡಿದರು ಅಂತ ಅಳೆಯೋ ಬಾರ್ಕ್ ಸಂಸ್ಥೆಯ ಅಂಕಿ ಗುರುವಾರ ಬರುತ್ತೆ, ಆವತ್ತು ಬಾಸ್ ಮುಖ ನೋಡಿ ರಜೆ ಕೇಳಬೇಕು. ಒಂದು ಮಾತ್ರ ನಾನೇ ಕಂಡದ್ದು. 2020ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ, ಹದಿನೇಳು ತಿಂಗಳು, ಸುದ್ದಿ ಚಾನೆಲ್ಲುಗಳ ಅಂಕಿಯನ್ನೇ ನಿಲ್ಲಿಸಿದ್ದರು. ‘ಏನ್ ಮಾಡೋದು ಸಾರ್, ಟಿಆರ್‌ಪಿ’ ಅಂತ ಕೂಗ್ತಿದ್ದವರು ಆ ಹದಿನೇಳು ತಿಂಗಳೂ ಅಷ್ಟೇ ಜೋರಾಗಿ ಕೂಗಿದರು. ಆಗಿನಿಂದ ಆ ನೆಪವನ್ನು ನಾನು ನಂಬೋದು ಬಿಟ್ಟಿದ್ದೀನಿ.

ಕೋರ್ಸ್ ಬೇಕಾದರೆ ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ ಇದೆ, ಮನೆಯಿಂದ ಬಸ್ಸಿಗೆ ಹೋಗಿ ಬರಬಹುದು. ‘ನೂರಕ್ಕೆ ನೂರು ಕೆಲಸ’ ಅಂತ ಲಕ್ಷಗಟ್ಟಲೆ ಕೇಳೋ ಕಡೆ ಮಾತ್ರ ಹೋಗಬೇಡಿ. ಕ್ಯಾಮೆರಾ ಹಿಡಿಯೋದು, ಎಡಿಟ್ ಮಾಡೋದು ಎರಡೂ ಕಲಿಯಲಿ. ಒಬ್ಬಳೇ ಹೋಗಿ ಶೂಟ್ ಮಾಡಿ ಕಳಿಸೋ ಕಾಲ ಇದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡಬಾರದು ಅನ್ನೋ ಪೋಕ್ಸೊ ಕಾಯ್ದೆಯ 23ನೇ ಕಲಂ ಒಂದು ಸಲ ಓದಲಿ. ಮಗುವಿನ ಮುಖ ಮಸುಕು ಮಾಡಿ ಮನೆಮುಂದಿನ ಬೋರ್ಡನ್ನು ಸ್ಪಷ್ಟವಾಗಿ ತೋರಿಸಿದ ಫೂಟೇಜನ್ನು ಏರ್‌ಗೆ ಹೋಗೋ ಎರಡು ನಿಮಿಷ ಮೊದಲು ತಡೆದ ದಿನ ನನಗೆ ಊಟ ಸೇರಲಿಲ್ಲ. ತಡೆಯದೆ ಹೋದವು ಎಷ್ಟಿದ್ದವೋ.

ಕೆಲಸ ಸಿಗೋ ತನಕ ಸುಮ್ಮನೆ ಕೂರೋದೂ ಬೇಡ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಮನಃಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದರು, ಆಕಾಶವಾಣಿ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ಪುಟ್ಟಿಯ ಕೈಯಲ್ಲಿರೋ ಫೋನು ಅವರ ಯಂತ್ರಕ್ಕಿಂತ ದೂರ ಮುಟ್ಟುತ್ತೆ.

ಹಾಗಾಗಿ ಒಂದು ಕೆಲಸ ಕೊಡ್ತೀನಿ, ಅವಳಿಗೆ ಹೇಳು, ಕಾಕಾ ಹೇಳ್ಯಾನ ಅನ್ನು. ನವಿಲುತೀರ್ಥದಲ್ಲಿ ಬಿಟ್ಟ ನೀರು ಕೊಣ್ಣೂರಿಗೆ ಎಷ್ಟು ತಾಸಿಗೆ ಬರುತ್ತೆ? ಒಂದೂವರೆ ನಿಮಿಷದಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ಮುಖ ಕಾಣಬಾರದು, ಬರೀ ದನಿ. ಮೊದಲು ನಿನಗೆ ಕೇಳಿಸಲಿ, ನೀನು ಗಿರಾಕಿಗಳ ಗದ್ದಲದಲ್ಲಿ ಗೊಬ್ಬರದ ಚೀಲ ಎಣಿಸ್ತಾ ಕೇಳು. ಎಣಿಕೆ ತಪ್ಪಿದರೆ ಸರಿಯಾಗಿ ಹೇಳಿದ್ದಾಳೆ ಅಂತ ಅರ್ಥ. ಉತ್ತರ ನನಗೆ ಗೊತ್ತಿದೆ, ಅದನ್ನು ಗೂಗಲ್ ಮಾಡಿ ಕಳಿಸಿದರೆ ಬೇಡ. ಅವಳು ಯಾರ್ಯಾರ ಮನೆಗೆ ಹೋಗಿ ಕೇಳಿದಳು ಅನ್ನೋದನ್ನು ಕೆಳಗೆ ಬರೆದು ಕಳಿಸಲಿ.

ಕಟ್ಟೆ ಮೇಲಿನ ಆ ಅಜ್ಜಿ ಇನ್ನೂ ಇದ್ದರೆ ಅವಳನ್ನೂ ಕೇಳಲಿ. ನಾನು ಕಳಿಸಿದ್ದು ಅಂತ ಮಾತ್ರ ಹೇಳೋದು ಬೇಡ.

ನಿನ್ನ ಗೆಳೆಯ